ಪೊಳ್ಳು ಬೀಡಿ

ನಮ್ಮ ಊರಿನಲ್ಲಿ ಬೇರೆ ಮನೆಯವರೊಡನೆ ಮಾತಾಡಬೇಕಾದರೆ ಮೊದಲು "ಉಂಟಾ?" ಎಂದು ಕೇಳಬೇಕಿತ್ತು. ಎದುರಿನವರು "ಉಂಟು" ಎಂದು ಸ್ವಲ್ಪ ಹೊಗೆಸೊಪ್ಪು ಕೈಗೆ ಕೊಟ್ಟರೆ ಇಬ್ಬರ ನಾಲಿಗೆಯೂ ಸಡಿಲವಾಗುತ್ತಿತ್ತು. ಗಂಡಸರಾದರೆ ಒಂದು ಬೀಡಿ, ಹೆಂಗಸರಾದರೆ ಸುಣ್ಣ ತಿಕ್ಕಿದ ಒಂದು ಎಸಳು, ವಯಸ್ಸಾದವರಾದರೆ ಒಂದು ಚಿಟಿಕೆ ನಶ್ಯ. "ಇಲ್ಲ" ಎಂದರೆ ಮುಗಿಯಿತು, ಮಾತು ಗಂಟಲಿನವರೆಗೆ ಬಂದು ಅಲ್ಲಿಯೇ ಕೂತುಬಿಡುತ್ತಿತ್ತು. ಒಂದೇ ಮನೆಯ ಗಂಡ ಹೆಂಡತಿ, ತಾಯಿ ಮಕ್ಕಳು ಎಲ್ಲಿದ್ದರೂ ಎಷ್ಟು ಬೇಕಾದರೂ ಮಾತಾಡಬಹುದು. ಮೈಕಿನಲ್ಲಿ ಎಲ್ಲರಿಗೂ ಒಟ್ಟಿಗೆ ಹೇಳುವುದಕ್ಕೂ ತೊಂದರೆ ಇಲ್ಲ. ಸಣ್ಣ ಮಕ್ಕಳಿಗೆ ಹಾಲುಹಲ್ಲು ಬೀಳುವವರೆಗೆ ರಿಯಾಯಿತಿ. ಒಂದು ಮನೆಯವರು ಇನ್ನೊಂದು ಮನೆಯವರಿಗೆ ಹೇಳುವ ಮಾತಿಗೆ ಮಾತ್ರ ಈ ಕಟ್ಟುಪಾಡು. ಬೇರೆ ಊರಿನವರು ಬರಿಗೈಯಲ್ಲಿ ಮಾತಾಡುವುದನ್ನು ಕಂಡಾಗ ನಮಗೆ ಅವರು ಚಪ್ಪಲಿ ಹಾಕದೆ ಮುಳ್ಳಿನಲ್ಲಿ ನಡೆಯುತ್ತಿದ್ದಾರೇನೋ ಅನ್ನಿಸುತ್ತಿತ್ತು.

ನಾನು ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಚೆಕ್ಕರ್ ಆಗಿದ್ದೆ. ಹೆಂಗಸರು ಮನೆಯಲ್ಲಿ ಕಟ್ಟಿ ತಂದ ಬೀಡಿಗಳನ್ನು ಎರಡು ಬೆರಳಲ್ಲಿ ಹಿಚುಕಿ ನೋಡುವುದು, ಒಳಗೆ ಸರಿಯಾಗಿ ಪುಡಿ ತುಂಬದ ಪೊಳ್ಳು ಬೀಡಿಗಳನ್ನು ಆರಿಸಿ ಬಿಸಾಡುವುದು ನನ್ನ ಕೆಲಸ. ಹಗಲು ಇದನ್ನು ಮಾಡಿ ಸಂಜೆ ಕಾಲೇಜಿಗೆ ಹೋಗಿ ಹೇಗೋ ಡಿಗ್ರಿ ಮಾಡಿಕೊಂಡೆ. ಆದರೂ ಪೊಳ್ಳು ಎಂದು ಬಿಸಾಡಿದ ಬೀಡಿ ನಿಜವಾಗಿ ಪೊಳ್ಳೇ ಆಗಿತ್ತೇ ಎಂಬ ಅನುಮಾನ ಮನೆಗೆ ಬಂದ ಮೇಲೂ ನನ್ನನ್ನು ಬಿಡುತ್ತಿರಲಿಲ್ಲ. ನನ್ನ ಹೆಂಡತಿ ಗುಲಾಬಿ ಆ ಬ್ರಾಂಚಿಗೇ ಬೀಡಿ ಕಟ್ಟುತ್ತಿದ್ದಳು. ಊರಿನಲ್ಲಿ ಅವಳಷ್ಟು ಚೆನ್ನಾಗಿ ಕಟ್ಟುವವರು ಇನ್ನೊಬ್ಬರಿರಲಿಲ್ಲ. ಪಕ್ಕದ ಮನೆಯ ಬೀಪಾತುಮ್ಮ ಮಾತ್ರ ಈ ಮಾತನ್ನು ಒಪ್ಪುತ್ತಿರಲಿಲ್ಲ. ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಒಂದೇ ಜಗುಲಿಯಲ್ಲಿ ಮೊರ ಮಡಿಲಿನಲ್ಲಿಟ್ಟು ಕೂರುತ್ತಿದ್ದರು, ಒಂದು ಎಸಳು ಹೊಗೆಸೊಪ್ಪಿನಲ್ಲಿ ಇಡೀ ದಿನ ಮಾತಾಡುತ್ತಿದ್ದರು. ಪುಡಿಯ ಧೂಳಿನಿಂದ ಗುಲಾಬಿಗೆ ಕೆಮ್ಮು ಹತ್ತಿತ್ತು. ಬೀಪಾತುಮ್ಮನಿಗೂ ಇತ್ತು. ಮಾತಿನ ನಡುವೆ ಒಬ್ಬರು ಕೆಮ್ಮಿದರೆ ಇನ್ನೊಬ್ಬರು ಕಾಯುವುದು ಅವರಿಗೆ ಅಭ್ಯಾಸವಾಗಿತ್ತು.

ನಮ್ಮ ಪುರಸಭೆಯ ಅಧ್ಯಕ್ಷರು ಡಾಕ್ಟರ್ ಬಾಯಿ. ಸಿಸಿಲಿಯಾ ಎಂಬ ಅವರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುವುದು ನಮ್ಮ ಕಡೆಯ ರೂಢಿ. ರೋಗಿಗಳೊಡನೆ ಮಾತಾಡಬೇಕಲ್ಲ, ಅದಕ್ಕಾಗಿ ಅವರು ಬಂದವರೆಲ್ಲರಿಂದ ಒಂದೊಂದು ಚಿಟಿಕೆ ನಶ್ಯ ತೆಗೆದುಕೊಂಡು, ಮೂಗಿಗೆ ಏರಿಸಿ, ಸೀನಿ, ಆಮೇಲೆ "ನಶ್ಯ ಬಿಡಿ" ಎಂದು ಬುದ್ಧಿ ಹೇಳುತ್ತಿದ್ದರು. ಹೀಗೆ ಮಾಡಿ ಮಾಡಿ ಅವರ ಮೂಗೇ ಸತ್ತುಹೋಗಿತ್ತು. ಒಂದು ದಿನ ಅವರು ಮೈದಾನದಲ್ಲಿ ಮೈಕು ಹಿಡಿದು, ಈ ಊರಿನಲ್ಲಿ ಹೊಗೆಸೊಪ್ಪು ಸೇದುವುದು, ಜಗಿಯುವುದು, ಮೂಸುವುದು, ಕಟ್ಟುವುದು, ಮಾರುವುದು ಎಲ್ಲವನ್ನೂ ನಿಲ್ಲಿಸಬೇಕು, ಒಪ್ಪುವವರು ಕೈ ಎತ್ತಿ ಎಂದರು. ನಾನು ಗುಲಾಬಿಯ ಕೆಮ್ಮನ್ನು ನೆನೆದು ಕೈ ಎತ್ತಿದೆ. ಪಕ್ಕದಲ್ಲಿ ನಿಂತಿದ್ದ ಗುಲಾಬಿ ನನ್ನ ಎತ್ತಿದ ಕೈಯನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು, ತನ್ನ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. ನಿಷೇಧ ಬಂತು.

ಮೊದಲು ಗೊತ್ತಾದದ್ದು ಬೆಳಗಿನ ಹೊತ್ತು. ನಮ್ಮ ಊರು ಕೋಳಿ ಕೂಗಿಗಿಂತ ಮೊದಲು ಕೆಮ್ಮಿನಿಂದ ಏಳುತ್ತಿತ್ತು. ಆ ಮನೆಯ ಅಜ್ಜ, ಈ ಮನೆಯ ಮಾವ, ಹೀಗೆ ಕೆಮ್ಮು ಬೀದಿಯುದ್ದಕ್ಕೂ ಸಾಗಿ ಬರುತ್ತಿತ್ತು. ಅದು ನಿಂತ ಮೇಲೆ ಕೋಳಿಗಳ ಕೂಗು ನಮಗೆ ಹೊಸದಾಗಿ ಕೇಳಿಸಿತು. ಅಂಗಳದಲ್ಲಿ ಒಣಹಾಕಿದ ಬಟ್ಟೆಗೆ ಬಟ್ಟೆಯದ್ದೇ ವಾಸನೆ ಬಂತು. ಮನೆಯ ಗಂಡಸರು ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಹೇಳತೊಡಗಿದರು. ಉಪ್ಪು ಯಾವಾಗಲೂ ಅಷ್ಟೇ ಇತ್ತು.

ಎರಡನೆಯದಾಗಿ ಗೊತ್ತಾದದ್ದು ಮೌನ. "ಉಂಟಾ?" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರ ಬಿಟ್ಟು ಬೇರೆ ಇರಲಿಲ್ಲ. ಮೀನು ಮಾರುಕಟ್ಟೆಯಲ್ಲಿ ಚೌಕಾಸಿ ನಿಂತಿತು. ಬೆರಳು ತೋರಿಸಿದ ದರಕ್ಕೆ ಮೀನು ಮಾರಾಟವಾಯಿತು, ಕೊಂಡವರಿಗೂ ಖುಷಿಯಿಲ್ಲ, ಮಾರಿದವರಿಗೂ ಇಲ್ಲ. ಸುಣ್ಣದ ವ್ಯಾಪಾರ ಬಿತ್ತು, ಬೆಂಕಿಪೊಟ್ಟಣದ ವ್ಯಾಪಾರ ಬಿತ್ತು. ಕ್ಷೌರಿಕ ಎಲ್ಲರಿಗೂ ಒಂದೇ ನಮೂನೆ ತಲೆ ಮಾಡಿಬಿಟ್ಟ. ಹೊಸ ಜಗಳಗಳು ಹುಟ್ಟಲಿಲ್ಲ ಎಂಬುದು ನಿಜ, ಆದರೆ ಹಳೆಯ ಜಗಳಗಳು ಮುಗಿಯಲೂ ಇಲ್ಲ. ಹೆಣ್ಣು ಕೇಳಲು ಬಂದವರು ಅವಲಕ್ಕಿ ತಿಂದು, ಚಾವಡಿಯ ತೊಲೆ ನೋಡಿ, ಎದ್ದು ಹೋದರು. ಮೈಕ್ ಸೆಟ್ ಬಾಡಿಗೆಗೆ ಕೊಡುವವನೊಬ್ಬ ಮಾತ್ರ ಮನೆಗೆ ಮಾಳಿಗೆ ಕಟ್ಟಿಸಿದ. ಒಬ್ಬ ಅಳಿಯ ಮೈಕಿನಲ್ಲಿ ಇಡೀ ಊರಿಗೆ ಕೇಳುವಂತೆ "ಮಾವ, ಹಬ್ಬಕ್ಕೆ ಬನ್ನಿ" ಎಂದು ಕರೆದಾಗ ಊರೆಲ್ಲ ತನ್ನನ್ನೇ ಕರೆದದ್ದೆಂದು ತಿಳಿದು ಹೋಗಿ ಉಂಡು ಬಂತು. ಚೀಟಿ ಬರೆದೂ ನೋಡಿದೆವು. ಬರೆಯಲು ಕೂತ ಕೂಡಲೇ ಎಲ್ಲರ ಕೈಯೂ "ಮಾನ್ಯರೇ" ಎಂದು ಶುರು ಮಾಡುತ್ತಿತ್ತು, ಹಾಲು ಕೇಳುವ ಚೀಟಿಯೂ ಅರ್ಜಿಯ ಹಾಗೆ ಆಗುತ್ತಿತ್ತು. ಪೆಪ್ಪರ್‌ಮಿಂಟ್ ಕೊಟ್ಟರೆ ಅದು ಕರಗುವವರೆಗೆ ಮಾತ್ರ ಮಾತು ಬರುತ್ತಿತ್ತು, ವಾಕ್ಯ ಅರ್ಧಕ್ಕೇ ನಿಲ್ಲುತ್ತಿತ್ತು. ಬೆಲ್ಲ ಕೊಟ್ಟರೆ ಬರೀ ಹೊಗಳಿಕೆ. ಹುಣಸೆಹಣ್ಣನ್ನು ಒಬ್ಬರು ಒಂದೇ ಸಲ ಪ್ರಯತ್ನಿಸಿದರು, ಆ ಎರಡು ಮನೆಗಳ ನಡುವೆ ಈಗ ಗೋಡೆ ಇದೆ.

ಬ್ರಾಂಚಿನ ಸಾಹುಕಾರರು ಹೊಳೆಯ ಆಚೆ ದಡಕ್ಕೆ ಹೋದರು. ಅಲ್ಲಿ ನಿಷೇಧ ಇರಲಿಲ್ಲ. ಬೀಡಿ ಕಟ್ಟುವ ಹೆಂಗಸರು ದಿನವೂ ಕಡವಿನಲ್ಲಿ ದೋಣಿ ಹತ್ತಿ, ಆಚೆ ಶೆಡ್ಡಿನಲ್ಲಿ ಕೂತು ಕಟ್ಟಿ, ಸಂಜೆ ಮರಳುತ್ತಿದ್ದರು. ಈಚೆ ದಡದಲ್ಲಿ ಇಳಿಯುವಾಗ ಪುರಸಭೆಯ ಕಾವಲುಗಾರ ಅವರ ಕೈ ಮೂಸಿ ನೋಡಿ, ಸಾಬೂನು ಕೊಟ್ಟು ತೊಳೆಸಿಯೇ ಊರೊಳಗೆ ಬಿಡುತ್ತಿದ್ದ. ಬೀಪಾತುಮ್ಮ ಮೊದಲ ವಾರದಿಂದಲೇ ಹೋದಳು. ನನ್ನ ಕೆಲಸ ಹೋಗಿತ್ತು, ಆಚೆ ದಡದಲ್ಲಿ ಬೇರೆ ಚೆಕ್ಕರ್ ಇದ್ದ. ಗುಲಾಬಿಯನ್ನು ನಾನು ಹೇಗೋ ತಡೆದು ಇಟ್ಟುಕೊಂಡಿದ್ದೆ. ಕಾರಣ ಅವಳಿಗೆ ಹೇಳಿರಲಿಲ್ಲ. ಅವಳ ಕೆಮ್ಮು ಕಡಿಮೆಯಾಗುತ್ತಾ ಬಂದು, ಮಳೆಗಾಲ ಮುಗಿಯುವ ಹೊತ್ತಿಗೆ ಪೂರ್ತಿ ನಿಂತಿತ್ತು. ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗಿ ಮತ್ತೆ ಬಂದೀತೆಂಬ ಭಯ ನನಗೆ. ಸಂಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ಒಂದು ಕಸುಬು ಹೋದರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ ಎಂದು ಪಾಠ ಮಾಡಿದ್ದರು. ಅಲ್ಲಿಯವರೆಗೆ ಏನು ತಿನ್ನಬೇಕೆಂಬುದು ಪಾಠದಲ್ಲಿ ಇರಲಿಲ್ಲ.

ಒಂದು ಶುಕ್ರವಾರ ಊಟಕ್ಕೆ ಕೂತಾಗ ಗುಲಾಬಿ ಹೇಳಿದಳು. "ಸೋಮವಾರದಿಂದ ನಾನೂ ದೋಣಿಗೆ ಹೋಗ್ತೇನೆ."

"ಇನ್ನು ಸ್ವಲ್ಪ ದಿನ ನೋಡುವ."

"ಎಂಥ ನೋಡುದು? ನನ್ನ ಬೆರಳು ಮರ್ತುಹೋಗ್ತದೆ. ಅಲ್ಲಿ ಕೆಲಸವೂ ಉಂಟು, ಮಾತೂ ಉಂಟು. ಇಲ್ಲಿ ನಿಮ್ಮ ಮುಖ ಒಂದನ್ನೇ ನೋಡಿ ನೋಡಿ ನನಗೆ ಸಾಕಾಯ್ತು."

"ನನ್ನ ಜೊತೆ ಮಾತಾಡ್ಬಹುದಲ್ಲ."

"ನೀವು ಮಾತಾಡುದಾ? ನೀವು ಹೆದರುದು. ಹೆದರಿದ್ದನ್ನು ಬಾಯಲ್ಲಿ ಹೇಳ್ತೀರಿ, ಅಷ್ಟೆ."

ಅವಳು ಹೇಳಿದ್ದು ಸರಿ ಇರಬಹುದು. ಬೆರಳು ಮರೆಯಬಾರದೆಂದು ಅವಳು ಮಧ್ಯಾಹ್ನ ಉಳಿದ ಬೀಡಿ ಎಲೆಗಳನ್ನು ನೀರಿಗೆ ಹಾಕಿ, ಕತ್ತರಿಸಿ, ಒಳಗೆ ಏನೂ ಇಡದೆ ಸುಮ್ಮನೆ ಸುತ್ತಿ, ಬಾಯಿ ಮಡಚಿ, ದಾರ ಕಟ್ಟಿ ಇಡುತ್ತಿದ್ದಳು. ಏನೂ ಇಲ್ಲದ ಜಾಗದ ಸುತ್ತ ಅಷ್ಟು ಬಿಗಿಯಾಗಿ, ಅಷ್ಟು ನೇರವಾಗಿ ಎಲೆ ಸುತ್ತುವುದು ಅವಳಿಗೊಬ್ಬಳಿಗೇ ಸಾಧ್ಯ. ಅದರಲ್ಲಿ ಒಂದನ್ನು ನಾನು ಯಾಕೋ ಹಿಚುಕಿ ನೋಡಿ, ಚೆಕ್ಕರಿನ ಅಭ್ಯಾಸದಿಂದ ಬದಿಗೆ ತೆಗೆದು ಜೇಬಿಗೆ ಹಾಕಿಕೊಂಡಿದ್ದೆ. ಆಮೇಲೆ ಮರೆತೂ ಬಿಟ್ಟಿದ್ದೆ.

ಶನಿವಾರ ನಾನು ಪುರಸಭೆಗೆ ಹೋದೆ. ಈ ಹೆಂಗಸರಿಗೆ ಊರಿನಲ್ಲಿಯೇ ಏನಾದರೂ ಕೆಲಸ ಮಾಡಿಕೊಡಿ ಎಂದು ಕೇಳಬೇಕಿತ್ತು. ಅರ್ಜಿ ಕೊಟ್ಟು ತಿಂಗಳುಗಳಾಗಿದ್ದವು. "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂದಿತ್ತು, ಅದಕ್ಕೆ ನಾನು "ವಂದನೆಗಳು" ಎಂದು ಬರೆದಿದ್ದೆ, ವ್ಯವಹಾರ ಅಲ್ಲಿಗೆ ನಿಂತಿತ್ತು. ಬಾಯಿಂದ ಹೇಳಬೇಕು ಎಂದು ನನಗೆ ಗೊತ್ತಿತ್ತು. ಹೇಗೆ ಎಂದು ಗೊತ್ತಿರಲಿಲ್ಲ. ಕೈ ಸನ್ನೆಯಲ್ಲಿ "ಉದ್ಯೋಗ" ಎಂದು ಹೇಗೆ ತೋರಿಸುವುದು ಎಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋದೆ, ಎದುರು ಬಂದವರು ಸರಿದು ದಾರಿ ಬಿಟ್ಟರು.

ಡಾಕ್ಟರ್ ಬಾಯಿ ಒಬ್ಬರೇ ಇದ್ದರು. ನನ್ನನ್ನು ಕಂಡು ಹಳೆಯ ಅಭ್ಯಾಸದಂತೆ "ಉಂಟಾ?" ಎಂದರು. ಅಂದ ಕೂಡಲೇ ಅವರಿಗೆ ನಾಚಿಕೆಯಾಯಿತು. ನನಗೂ ಅದೇ ಅಭ್ಯಾಸ ತಾನೇ, ಕೈ ತಾನಾಗಿ ಜೇಬಿಗೆ ಹೋಯಿತು, ಬೆರಳಿಗೆ ಬೀಡಿ ಸಿಕ್ಕಿತು, ಬಾಯಿ "ಉಂಟು" ಎಂದಿತು, ಬೀಡಿ ಅವರ ಕೈಯಲ್ಲಿತ್ತು. ಕೊಟ್ಟದ್ದು ಏನೆಂದು ಆಮೇಲೆ ಹೊಳೆದು ನಾನು ಬಾಗಿಲಿನ ಕಡೆ ತಿರುಗಿ ನೋಡಿದೆ.

"ಎಂಥ ಇದು?" ಎಂದರು ಅವರು.

"ಬೀಡಿ. ಅಲ್ಲ, ಬೀಡಿ ಅಲ್ಲ ಡಾಕ್ಟರ್ ಬಾಯಿ."

ಇಬ್ಬರೂ ಬೆಚ್ಚಿಬಿದ್ದೆವು.

"ನೀವು ಮಾತಾಡಿದ್ರಿ!"

"ಮೊದಲು ನೀವು ಮಾತಾಡಿದ್ದು."

"ಬಾಗಿಲು ಹಾಕಿ ಮಾರಾಯ್ರೆ, ಬಾಗಿಲು ಹಾಕಿ! ಅಧ್ಯಕ್ಷರೇ ಬೀಡಿ ತೆಕ್ಕೊಂಡ್ರು ಅಂತ ಊರೆಲ್ಲ ಹೇಳ್ತಾರೆ."

"ಹೇಳ್ಲಿಕ್ಕೆ ಅವರಿಗೆ ಬಾಯಿ ಎಲ್ಲಿ ಉಂಟು?"

ಅವರು ನಕ್ಕರು. ಆಮೇಲೆ ದಾರ ಬಿಚ್ಚಿ, ಎಲೆಯ ಮಡಿಕೆ ಬಿಡಿಸಿ, ಬೆಳಕಿಗೆ ಹಿಡಿದು ನೋಡಿದರು. ಮೂಸಿದರು, ಅವರ ಮೂಗಿಗೆ ಏನೂ ತಿಳಿಯಲಿಲ್ಲ. ನನ್ನ ಮೂಗಿಗೆ ಹಿಡಿದರು. ಬರೀ ಒಣ ಎಲೆಯ ವಾಸನೆ.

"ಒಳಗೆ ಏನೂ ಇಲ್ಲವಲ್ಲ ಐತಪ್ಪಣ್ಣ."

"ಪೊಳ್ಳು," ಎಂದೆ. ಆ ಮಾತು ಹೇಳಿದ ಕೂಡಲೇ ಗುಲಾಬಿಯ ಮರ್ಯಾದೆ ಹೋಯಿತೆಂದು ಗಾಬರಿಯಾಯಿತು. "ಅಂದರೆ, ಬೇಕಂತಲೇ ಪೊಳ್ಳು. ಬ್ರಾಂಚಿಗೆ ಅವಳು ಒಂದು ದಿನವೂ ಪೊಳ್ಳು ತಂದದ್ದಿಲ್ಲ. ಬೇಕಾದ್ರೆ ಸಾಹುಕಾರ್ರನ್ನು ಕೇಳಿ."

"ಅದನ್ನು ನಾನು ಕೇಳಿದ್ನಾ ಈಗ?"

ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಸೋಮವಾರ ಗುಲಾಬಿ ದೋಣಿ ಹತ್ತುವುದನ್ನು, ಆಚೆ ಶೆಡ್ಡಿನಲ್ಲಿ ಕಿಟಕಿಯೂ ಇಲ್ಲದಿರುವುದನ್ನು, ಅವಳ ಕೆಮ್ಮು ನಿಂತದ್ದನ್ನು. ಕೆಮ್ಮಿನ ಸುದ್ದಿಯನ್ನು ಮೆಲ್ಲಗೆ ಹೇಳಿದೆ. ಡಾಕ್ಟರ್ ಬಾಯಿ ಆ ಎಲೆಯನ್ನು ಬೆರಳಲ್ಲಿ ತಿರುಗಿಸುತ್ತಾ ಕೂತರು.

"ನಾನು ಎಲ್ಲರ ಶ್ವಾಸಕೋಶ ನೋಡಿದೆ ಐತಪ್ಪಣ್ಣ. ಬಾಯಿ ನೋಡ್ಲಿಲ್ಲ, ಹೊಟ್ಟೆ ನೋಡ್ಲಿಲ್ಲ. ನಿಷೇಧ ತೆಗೀಬೇಕು ಅಂತ ಜನ ಬಂದು ನನ್ನ ಎದುರು ಸುಮ್ಮನೆ ಕೂತು ಹೋಗ್ತಾರೆ. ಹೇಳ್ಲಿಕ್ಕೆ ಆಗುದಿಲ್ಲ ಅವರಿಗೆ, ಆದ್ರೂ ನನಗೆ ಅರ್ಥ ಆಗ್ತದೆ."

"ಈ ಪೊಳ್ಳಿಗೆ ನಿಷೇಧ ಉಂಟಾ?"

"ಏನೂ ಇಲ್ಲದ್ದನ್ನು ಹೇಗೆ ನಿಷೇಧ ಮಾಡುದು? ಎಲೆ, ದಾರ. ಮಾಡ್ಲಿಕ್ಕೆ ಹೇಳಿ ಅವರಿಗೆ."

"ನೀವೇ ಮೈಕಿನಲ್ಲಿ ಹೇಳಿದ್ರೆ..."

"ಮೈಕಿನಲ್ಲಿ ಹೇಳಿದ್ರೆ ಜನ ನಗ್ತಾರೆ. ಮೊದಲು ಕೈಯಿಂದ ಕೈಗೆ ಹೋಗ್ಲಿ. ಹೋಗುದಿಲ್ಲ ಅಂತಾದ್ರೆ ನನ್ನ ಮೈಕೂ ಅದನ್ನು ಕಳಿಸ್ಲಿಕ್ಕಿಲ್ಲ."

ಮನೆಗೆ ಬರುವಾಗ ನನಗೆ ಖುಷಿಗಿಂತ ಅನುಮಾನವೇ ಹೆಚ್ಚು. ಮಾತು ಬಂದದ್ದು ಎಲೆಯಿಂದಲೋ, ಎಲೆಯಲ್ಲಿ ಹಿಂದಿನ ವಾಸನೆ ಉಳಿದಿತ್ತೋ, ಅಥವಾ ಡಾಕ್ಟರ್ ಬಾಯಿ ಓದಿದವರೆಂದೋ? ಪೊಳ್ಳು ಕೊಟ್ಟು ಪಡೆದ ಮಾತು ಪೊಳ್ಳು ಮಾತೇ ಆದೀತೆಂಬ ಯೋಚನೆಯೂ ಬಂತು. ಆದರೆ ಅವರು ಹೇಳಿದ್ದರಲ್ಲಿ ಪೊಳ್ಳು ಯಾವುದೆಂದು ಹಿಚುಕಿ ನೋಡಿದರೆ ನನಗೆ ಒಂದೂ ಸಿಗಲಿಲ್ಲ.

ಗುಲಾಬಿ ಎಲ್ಲವನ್ನೂ ಕೇಳಿ ಮೊದಲು ನಕ್ಕಳು. ಆಮೇಲೆ ಅವಳಿಗೆ ಸಿಟ್ಟು ಬಂತು.

"ಇಷ್ಟು ವರ್ಷ ಕಟ್ಟಿದ್ದೇನೆ. ಒಂದೇ ಒಂದು ಪೊಳ್ಳು ನೀವು ಬಿಸಾಡಿದ್ದುಂಟಾ? ಹೆಂಡತಿ ಅಂತ ಬಿಡ್ಲಿಲ್ಲ ನೀವು, ಬೇರೆಯವರದ್ದಕ್ಕಿಂತ ಹೆಚ್ಚೇ ಹಿಚುಕಿ ನೋಡಿದ್ರಿ. ಆದ್ರೂ ಸಿಕ್ಕಲಿಲ್ಲ. ಈಗ ನೀವೇ ಬಂದು ಪೊಳ್ಳು ಕಟ್ಟಿ ಬದುಕು ಅಂತೀರಾ?"

"ಅದು ಪೊಳ್ಳು ಅಂತ ಅಲ್ಲ..."

"ಮತ್ತೆಂಥ? ನಿಮ್ಮ ಸಂಜೆ ಕಾಲೇಜಲ್ಲಿ ಅದಕ್ಕೆ ಬೇರೆ ಹೆಸರುಂಟಾ? ಕೈ ಸುಮ್ಮನಿರ್ಲಿಕ್ಕೆ ಆಗದೆ ನಾನು ಕಟ್ಟಿದ್ದು. ಮಾರ್ಲಿಕ್ಕೆ ಕೂತ್ರೆ ಬೀಪಾತುಮ್ಮ ನಗ್ಲಿಕ್ಕಿಲ್ವಾ? ಗುಲಾಬಿಯ ಕೈ ಖಾಲಿಯಾಯ್ತು ಅಂತ ಹೇಳ್ಲಿಕ್ಕಿಲ್ವಾ?"

ಅವಳ ಹೊಟ್ಟೆಯ ಚಿಂತೆಗೆ ನಾನು ಉತ್ತರ ತಯಾರು ಮಾಡಿಕೊಂಡಿದ್ದೆ. ಅವಳ ಕೈಯ ಅಭಿಮಾನದ ಬಗ್ಗೆ ಯೋಚಿಸಿಯೇ ಇರಲಿಲ್ಲ. ಭಾನುವಾರ ಅವಳು ಕತ್ತರಿಗೆ ಸಾಣೆ ಹಿಡಿಸಿ ತಂದಳು. ನಾನು ಅವಳು ಕಟ್ಟಿಟ್ಟಿದ್ದ ಪೊಳ್ಳುಗಳನ್ನು ಒಂದು ಹಿಡಿಯಷ್ಟು ಜೇಬಿಗೆ ತುಂಬಿಕೊಂಡೆ. ಏನು ಮಾಡಬೇಕೆಂದು ಗೊತ್ತಿದ್ದು ಅಲ್ಲ, ಬಿಟ್ಟುಹೋಗಲು ಧೈರ್ಯ ಸಾಲದೆ.

ಸೋಮವಾರ ಬೆಳಿಗ್ಗೆ ಕಡವಿಗೆ ಅವಳ ಜೊತೆ ನಾನೂ ಹೋದೆ, ಬುತ್ತಿ ಹಿಡಿದುಕೊಂಡು. ಅವಳ ಚೀಲದಲ್ಲಿ ಮೊರ, ಕತ್ತರಿ, ರಾತ್ರಿ ನೆನೆಸಿಟ್ಟ ಎಲೆ ಇದ್ದವು. ಹೊಳೆಯ ಮೇಲೆ ಬಿಸಿಲು ಬಿದ್ದಿತ್ತು. ಹೆಂಗಸರು ಸಾಲಾಗಿ ನಿಂತಿದ್ದರು, ಮಾತಿಲ್ಲ. ಒಬ್ಬರ ಸೀರೆ ಇನ್ನೊಬ್ಬರು ನೋಡುವುದು, ಕಣ್ಣು ತೆಗೆಯುವುದು. ಕುಟ್ಟಿಯಣ್ಣನ ಚಹಾದ ಅಂಗಡಿಯಲ್ಲಿ ಬೆಂಚುಗಳು ಖಾಲಿ. ಮಾತಿಲ್ಲದ ಮೇಲೆ ಚಹಾವನ್ನು ಜನ ಮನೆಯಲ್ಲಿಯೇ ಕುಡಿಯುತ್ತಿದ್ದರು. ದೋಣಿಯವನು ದೋಣಿ ನೂಕುವ ಬಿದಿರಿನ ಗಳ ಹಿಡಿದು ಎಲ್ಲರೂ ಹತ್ತಲೆಂದು ಕಾಯುತ್ತಿದ್ದ.

ಸಾಲಿನ ಮುಂದೆ ಬೀಪಾತುಮ್ಮ ಇದ್ದಳು. ಗುಲಾಬಿಯನ್ನು ಕಂಡು ಅವಳ ಮುಖ ಅರಳಿತು, "ಉಂ..." ಎಂದಳು, ಅಷ್ಟರಲ್ಲಿ ಕೆಮ್ಮು ಬಂತು. ಅದು ಕಾದರೆ ನಿಲ್ಲುವ ಕೆಮ್ಮಾಗಿರಲಿಲ್ಲ. ಅವಳು ಬಗ್ಗಿದಳು, ಕಟ್ಟೆ ಹಿಡಿದಳು, ಕೂತಳು. ಗುಲಾಬಿ ಓಡಿಹೋಗಿ ಬೆನ್ನು ನೀವಿದಳು. ಏನೋ ಹೇಳಲು ಗುಲಾಬಿಯ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಮಾತು ಬರುತ್ತಿರಲಿಲ್ಲ. ಅವಳು ನನ್ನ ಕಡೆ ಕೈ ಚಾಚಿದಳು. ನಾನು ನೀರಿನ ಬಾಟಲಿ ಕೊಟ್ಟೆ.

"ಇದು ಸರಿ, ಅದೂ ಕೊಡಿ," ಎಂದಳು.

"ಯಾವುದು?"

"ಪೊಳ್ಳು ಮಾರಾಯ್ರೆ, ಪೊಳ್ಳು! ನಿಮ್ಮ ಜೇಬು ಉಬ್ಬಿದ್ದು ನನಗೆ ಕಾಣುದಿಲ್ವಾ?"

ಗುಲಾಬಿ ಒಂದನ್ನು ತೆಗೆದು ಬೀಪಾತುಮ್ಮನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಕಾವಲುಗಾರ ಓಡಿಬಂದು ಅದನ್ನು ಮೂಸಿದ, ಮತ್ತೆ ಮೂಸಿದ, ಏನು ಮಾಡಬೇಕೆಂದು ತಿಳಿಯದೆ ಅಲ್ಲಿಯೇ ನಿಂತ. ಬೀಪಾತುಮ್ಮ ನೀರು ಕುಡಿದು ಉಸಿರು ಎಳೆದುಕೊಂಡಳು.

"ಗುಲಾಬೀ," ಎಂದಳು. ಸಾಲಿನಲ್ಲಿದ್ದವರೆಲ್ಲ ತಿರುಗಿದರು. "ನಿನ್ನ ಕೆಮ್ಮು ಎಲ್ಲಿ ಹೋಯ್ತು?"

"ಎಂಥ ಕೆಮ್ಮು?" ಎಂದಳು ಗುಲಾಬಿ. ಅವಳ ಕೈ ಮೆಲ್ಲಗೆ ಎದೆಯ ಮೇಲೆ ಹೋಯಿತು. ಕಳೆದುಹೋದದ್ದನ್ನು ಸೆರಗಿನ ಗಂಟಿನಲ್ಲಿ ಹುಡುಕುವವರಂತೆ ಅವಳು ಒಮ್ಮೆ ಬೇಕೆಂದೇ ಕೆಮ್ಮಿ ನೋಡಿದಳು. ಒಳಗಿನಿಂದ ಏನೂ ಬರಲಿಲ್ಲ.

"ನಾನು ಗೋಡೆಗೆ ಕಿವಿ ಇಟ್ಟು ಮಲಗುದು," ಎಂದಳು ಬೀಪಾತುಮ್ಮ. "ನಿನ್ನ ಕೆಮ್ಮು ಕೇಳದೆ, ಇವಳು ಬದುಕಿದ್ದಾಳಾ ಇಲ್ವಾ ಅಂತ ನನಗೆ ಹೆದರಿಕೆ. ಕೇಳುವ ಅಂದ್ರೆ ಬಾಯಿ ಇಲ್ಲ. ಬೆಳಿಗ್ಗೆ ನೀನು ಅಂಗಳ ಗುಡಿಸುದು ನೋಡಿಯೇ ನಾನು ದೋಣಿಗೆ ಬರುದು."

"ನಿನ್ನದು ಹೀಗೆ ಹೆಚ್ಚಾದದ್ದು ಯಾವಾಗ?"

"ಆ ಶೆಡ್ಡಿನಲ್ಲಿ ಕೂತ್ರೆ ನಿನ್ನದೂ ಹೆಚ್ಚಾಗ್ತದೆ. ಇದೆಂಥ ನೀನು ಕೊಟ್ಟದ್ದು? ಒಳಗೆ ಏನೂ ಇಲ್ಲ! ಪೊಳ್ಳಾ?"

"ಪೊಳ್ಳೇ."

"ಗುಲಾಬಿಯ ಕೈಯಲ್ಲಿ ಪೊಳ್ಳಾ? ಅಲ್ಲಾಹ್! ನಿನ್ನ ಗಂಡ ಚೆಕ್ ಮಾಡ್ಲಿಲ್ವಾ? ನನ್ನ ಎರಡು ಕಟ್ಟು ಸುಮ್ಮಸುಮ್ಮನೆ ಬಿಸಾಡಿದ್ರಲ್ಲ ಇವರು, ಅದು ನಾನು ಮರೀಲಿಲ್ಲ ಐತಪ್ಪಣ್ಣ."

ನಾನು ಏನಾದರೂ ಹೇಳುವ ಮೊದಲೇ ಅವಳು ನಕ್ಕಳು, ಗುಲಾಬಿಯೂ ನಕ್ಕಳು. ಆಮೇಲೆ ಕಟ್ಟೆ ಒಡೆದ ಹಾಗೆ ಮಾತು ಬಂತು. ಬೀಪಾತುಮ್ಮನ ಮಗಳು ಹೆತ್ತದ್ದು, ಹೆಸರಿಟ್ಟದ್ದು, ನಮ್ಮ ಬೆಕ್ಕು ಅವಳ ಅಟ್ಟದಲ್ಲಿ ಮರಿ ಹಾಕಿದ್ದು, ಆಚೆ ದಡದ ಚೆಕ್ಕರ್ ನನಗಿಂತಲೂ ಕೆಟ್ಟವನೆಂಬುದು. ಸಾಲಿನಲ್ಲಿದ್ದ ಇನ್ನೊಬ್ಬಳು ನನ್ನ ಬಳಿ ಬಂದು "ಉಂಟಾ?" ಎಂದಳು. ಅವಳ ಹಿಂದೆ ಮತ್ತೊಬ್ಬಳು. ದೋಣಿಯವನು ಸ್ವಲ್ಪ ಹೊತ್ತು ಕಾದು, ಕೂಗಲು ಬಾಯಿಲ್ಲದೆ, ಗಳದಿಂದ ಎರಡು ಸಲ ದೋಣಿಗೆ ಬಡಿದು, ಹತ್ತಿದವರನ್ನು ಕರೆದುಕೊಂಡು ಹೊರಟುಹೋದ. ಹತ್ತಿದವರೂ ಇದ್ದರು, ಅರ್ಧದಷ್ಟು. ಅವರು ದೋಣಿಯಿಂದ ತಿರುಗಿ ನೋಡುತ್ತಿದ್ದರು.

ಕುಟ್ಟಿಯಣ್ಣ ಅಂಗಡಿಯಿಂದ ಇಳಿದು ಬಂದ. ಬೆಂಚಿನ ಮೇಲೆ ಹೆಂಗಸರು ಕೂತಿದ್ದರು, ಬೆರಳು ತೋರಿಸಿ ಚಹಾ ಕೇಳಿದ್ದರು, ಒಬ್ಬಳು ಎರಡನೆಯ ಸಲ ಕೇಳಿದ್ದಳು. ಅವನು ಗುಲಾಬಿಯ ಎದುರು ನಿಂತು "ಉಂಟಾ?" ಎಂದ. ನನ್ನ ಜೇಬಿನಲ್ಲಿ ಉಳಿದಿದ್ದ ಒಂದನ್ನು ಅವಳು ಕೊಟ್ಟಳು.

"ಒಂದು ಎಂಥಕ್ಕೆ ಗುಲಾಬಕ್ಕ? ನನಗೆ ದಿನಾ ಒಂದು ಕಟ್ಟು ಬೇಕು. ಸುಮ್ಮನೆ ಅಲ್ಲ, ದುಡ್ಡಿಗೆ. ಬೆಂಚಿನ ಧೂಳು ಒರೆಸಿ ಒರೆಸಿ ನನ್ನ ಬೈರಾಸು ಹರಿದುಹೋಯ್ತು."

ಗುಲಾಬಿ ಚೀಲದಿಂದ ಕತ್ತರಿ ತೆಗೆದು ಬಿಚ್ಚಿದಳು, ಮುಚ್ಚಿದಳು. ಪೊಳ್ಳು ಎಂಬ ಮಾತು ಅವಳೊಳಗೆ ಇನ್ನೂ ಚುಚ್ಚುತ್ತಿತ್ತೆಂದು ನನಗೆ ಗೊತ್ತು.

"ಕಟ್ಟುವ ಅಂತಾದ್ರೆ ಸರಿಯಾಗಿ ಕಟ್ಟಬೇಕು," ಎಂದಳು ಕೊನೆಗೆ, ಬೀಪಾತುಮ್ಮನಿಗೆ. "ಒಳಗೆ ಪುಡಿ ಇದ್ರೆ ಯಾರು ಬೇಕಾದ್ರೂ ನೇರ ಸುತ್ತುತ್ತಾರೆ. ಏನೂ ಇಲ್ಲದೆ ಸುತ್ತಿ ನೋಡು, ಆಗ ಗೊತ್ತಾಗ್ತದೆ ಕೈ ಯಾರದ್ದು ಅಂತ."

"ನೋಡುವ, ನೋಡುವ. ಎಲೆ ತಾ."

ಇಬ್ಬರೂ ಕುಟ್ಟಿಯಣ್ಣನ ಬೆಂಚಿನಲ್ಲಿ ಮೊರ ಮಡಿಲಿಗಿಟ್ಟು ಕೂತರು. ನಾನು ಬುತ್ತಿ ಹಿಡಿದು ಬದಿಯಲ್ಲಿ ನಿಂತು ಯೋಚಿಸುತ್ತಿದ್ದೆ. ಒಂದು ಚಹಾದಂಗಡಿಯ ಬೇಡಿಕೆಯಿಂದ ಎಷ್ಟು ಮನೆ ನಡೆದೀತು, ಜನ ಇದಕ್ಕೆ ಎಷ್ಟು ಕಾಲ ದುಡ್ಡು ಕೊಟ್ಟಾರು, ನಾಳೆ ಎಲೆಗೂ ಏನಾದರೂ ದೋಷ ಕಂಡುಹಿಡಿದರೆ ಏನು ಗತಿ? ಮಧ್ಯಾಹ್ನ ಇನ್ನೊಂದು ದೋಣಿ ಇತ್ತು. ಅದಕ್ಕೆ ಹೋಗುತ್ತೀಯಾ ಎಂದು ಗುಲಾಬಿಯನ್ನು ಕೇಳಬೇಕೆಂದು ಎರಡು ಮೂರು ಸಲ ಬಾಯಿ ತೆರೆದೆ. ಅವರಿಬ್ಬರ ಮಾತಿನ ನಡುವೆ ನನಗೆ ಸಂದು ಸಿಗಲೇ ಇಲ್ಲ.